ಗಿರಣಿಯಲ್ಲಿದ್ದ ಅಂಚೆ ಅಧಿಕಾರ

ಕೇಂದ್ರ ಸರ್ಕಾರದ ಒಂದೊಂದು ಅಧಿಕಾರವೂ ಒಬ್ಬೊಬ್ಬ ಪ್ರಜೆಯ ಬಳಿ ಇರುತ್ತದೆ. ಸರ್ಕಾರ ಪ್ರತಿವರ್ಷ ಬಂದು ಅದನ್ನು ಕೇಳಿ ಪಡೆಯಬೇಕು. ಯುದ್ಧ ಸಾರುವ ಅಧಿಕಾರ ಬೀದರಿನ ದರ್ಜಿಯೊಬ್ಬನ ಕಪಾಟಿನಲ್ಲಿದೆ. ಅಂಚೆಯ ಅಧಿಕಾರ ರೋಣದಲ್ಲಿ ಹಿಟ್ಟಿನ ಗಿರಣಿ ನಡೆಸುವ ನೀಲಗಂಗವ್ವನ ಪಾಲಿಗೆ ಬಂದು ಒಂಬತ್ತು ವರ್ಷವಾಯಿತು.

ಈ ಸಲ ಬಂದ ಅಧಿಕಾರಿ ವಾಸುದೇವಮೂರ್ತಿ ಕಾಗದ ಚಾಚಿದಾಗ ಅವಳು ಗಿರಣಿ ನಿಲ್ಲಿಸಿ, ಕೈ ಒರೆಸಿಕೊಂಡು ಓದಿದಳು. ‘ಪತ್ರ ಸಾಗಿಸುವುದು’ ಎಂಬುದರ ಕೆಳಗೆ ‘ತೆರೆದು ಓದುವುದು’ ಎಂಬ ಹೊಸ ಸಾಲಿತ್ತು.

“ಇದ್ಯಾಕ್ರಿ ಸಾಹೇಬ್ರ?”

“ಹೊಸದೇನಲ್ಲಮ್ಮ. ಸಾಗಿಸೋ ಅಧಿಕಾರದೊಳಗೇ ಅದೂ ಸೇರಿದೆ.”

ನೀಲಗಂಗವ್ವ ಸಾಲಾಗಿ ಇಟ್ಟಿದ್ದ ಜೋಳದ ಡಬ್ಬಿಗಳನ್ನು ತೋರಿಸಿದಳು. “ಮಂದಿ ನನಗ ಬೀಸಾಕ ಕೊಡ್ತಾರ. ಅದರಾಗ ನಾ ರೊಟ್ಟಿ ಬಡಿದು ತಿಂದ್ರ ನಡೀತದೇನು?”

“ಸಹಿ ಆಗದಿದ್ರೆ ನಾಳೆಯಿಂದ ದೇಶದಲ್ಲಿ ಒಂದು ಕಾಗದವೂ ಹೋಗಲ್ಲ.”

“ಆ ಸಾಲು ಹೊಡದು ಹಾಕ್ರಿ. ಈಗ ಸಹಿ ಮಾಡ್ತೀನಿ.”

ವಾಸುದೇವಮೂರ್ತಿ ನಿಟ್ಟುಸಿರು ಬಿಟ್ಟು ಆ ಸಾಲನ್ನು ಹೊಡೆದು ಹಾಕಿದ. ಅವಳು ಪೆನ್ನು ಹಿಡಿದಳು. ಅವಳನ್ನು ಖುಷಿಪಡಿಸಲೆಂದು ಅವನು ಟಪಾಲಿನ ಚೀಲದಿಂದ ಒಂದು ಲಕೋಟೆ ತೆಗೆದ.

“ಬರ್ತಾ ನಿಮ್ಮ ಕಾಗದಾನೂ ತಂದೆ. ನಿಮ್ಮ ತಂಗಿಗೆ ಹೆಣ್ಣು ಮಗು ಆಗಿದೆಯಂತೆ.”

ಲಕೋಟೆಯ ಬಾಯಿ ಅಂಟಿಸಿದ ಹಾಗೆಯೇ ಇತ್ತು. ನೀಲಗಂಗವ್ವ ಅದನ್ನೊಮ್ಮೆ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

“ಚೀಲ ಇಲ್ಲೇ ಇಟ್ಟು ಹೋಗ್ರಿ ಸಾಹೇಬ್ರ,” ಎಂದಳು. “ನಾಳಿಂದ ನಾವೇ ಮುಟ್ಟಸ್ತೀವಿ.”