ಅಂಚು ಬದಲಿಸಿದ ಸೀರೆ

ಪೊಲೀಸರು ಬಾಗಿಲು ತಟ್ಟುವ ಮೊದಲು ರವಿಕೆ ಮುಗಿಯಲೇಬೇಕಿತ್ತು. ದೇವೀರಮ್ಮನ ಬೆರಳಿಗೆ ಸೂಜಿ ಎರಡು ಸಲ ಚುಚ್ಚಿತು. ಚುಚ್ಚಲಿ ಬಿಡಿ, ಗಂಡ ಜೈಲು ಸೇರುವುದಕ್ಕಿಂತ ವಾಸಿ.

ಅದು ನಲವತ್ತೆರಡರ ಚಲೇಜಾವ್ ಗಲಾಟೆಯ ಕಾಲ. ತಂತಿ ಕತ್ತರಿಸಿದವರಲ್ಲಿ ತಾನೂ ಒಬ್ಬ ಎಂದು ಹೆಂಡತಿಯ ಕಿವಿಯಲ್ಲಿ ಉಸುರಿ ಜಡೇಸ್ವಾಮಿ ಅಟ್ಟ ಹತ್ತಿ ನಾಲ್ಕು ದಿನವಾಗಿತ್ತು. ಹೆಂಗಸಿನ ವೇಷದಲ್ಲಿ ಹನೂರು ದಾಟಿ ಕಾಡು ಸೇರಿದರೆ ಬಚಾವಂತೆ.

ವೇಷಕ್ಕೆ ಅವಳ ಧಾರೆ ಸೀರೆಯೇ ಬೇಕಂತೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅಂಚು ನೋಡಿಯೇ ಇದು ಇಂಥವರ ಮನೆಯ ಸೀರೆ ಎಂದು ಹೇಳಿಬಿಡುತ್ತಾರೆ. ಹಾಗಾಗಿ ದೇವೀರಮ್ಮ ಆ ಕೆಂಪಂಚನ್ನು ಕತ್ತರಿಸಿ ತೆಗೆದಳು. ಕತ್ತರಿ ಆಡುವಾಗ ಅಳು ಒತ್ತರಿಸಿ ಬಂತು. ತೀರಿಹೋದ ಅತ್ತೆಯ ಹಳೇ ಸೀರೆಯ ಹಸಿರಂಚನ್ನು ಅಲ್ಲಿಗೆ ಜೋಡಿಸಿ, ಸೆರಗಿನ ತುದಿಯಿಂದ ಕತ್ತರಿಸಿದ ತುಂಡಿನಲ್ಲಿ ರವಿಕೆ ಹೊಲಿದಳು.

ಅಳತೆಗೆಂದು ಅವನೇ ದಾರಕ್ಕೆ ಗಂಟು ಹಾಕಿ ಕೊಟ್ಟಿದ್ದ. ಆ ಅಳತೆಗೆ ರವಿಕೆ ಇಷ್ಟೇ ಇಷ್ಟಾಯಿತು. ಅಯ್ಯೋ ಶಿವನೇ, ಭಯಕ್ಕೆ ಎಷ್ಟು ಸೊರಗಿಬಿಟ್ಟರು ಎಂದು ಅವಳ ಕರುಳು ಚುರುಕ್ಕೆಂದಿತು.

“ತೋಳಿಗೆ ಜರಿ ಇಡು,” ಎಂದ.

“ತಪ್ಪಿಸ್ಕಂಡು ಓಗೋರ್ಗೆ ಜರಿ ಯಾಕ್ರೀ?”

“ಸುಮ್ಕಿರಮ್ಮಿ. ಲಕ್ಷಣವಾಗಿದ್ರೆ ಯಾರೂ ಅನುಮಾನ ಪಡಾಕಿಲ್ಲ.”

“ಮೀಸೆ?”

“ಸೆರಗು ಒದ್ಕತೀನಿ ಬಿಡು.”

ಜರಿ ಇಟ್ಟಳು. ಊರಾಚೆಯ ತೋಪಿನಲ್ಲಿ ಉಟ್ಟುಕೊಳ್ಳುತ್ತೇನೆಂದು ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿ ಅವನು ಹಿತ್ತಲ ಬಾಗಿಲಿಂದ ಹೊರಟ. ಅವಳು ಮಾದಪ್ಪನಿಗೆ ಹರಕೆ ಕಟ್ಟಿ, ಒಪ್ಪೊತ್ತು ಉಂಡು, ಬೀದಿಯ ಕಡೆ ಕಿವಿಯಿಟ್ಟು ಕೂತಳು.

ಮೂರನೆಯ ದಿನ ಮಧ್ಯಾಹ್ನ ಕಾನ್‌ಸ್ಟೇಬಲ್ ಬಂದೇಬಿಟ್ಟ.

“ಜಡೇಸ್ವಾಮಿ ಮನೆ ಇದೇನಾ?”

“ಅವ್ರಿಲ್ಲ ಸಾ. ಎಲ್ಲೋದ್ರು ಅಂತ ಕೊಂದ್ರೂ ನಾನು ಬಾಯ್ಬಿಡಾಕಿಲ್ಲ.”

ಕಾನ್‌ಸ್ಟೇಬಲ್ ನಕ್ಕುಬಿಟ್ಟ. “ಕೊಲ್ಲೋ ಅಂತದ್ದೇನ್ ಮಾಡವ್ರವ್ವಾ ಅವ್ರು?” ಎನ್ನುತ್ತ ಕಂಕುಳಲ್ಲಿದ್ದ, ಹಿಡಿಯ ಮೇಲೆ ಜಡೇಸ್ವಾಮಿಯ ಹೆಸರು ಕೊರೆದಿದ್ದ ಕೊಡೆಯೊಂದನ್ನು ಅವಳ ಕೈಗಿತ್ತ.

“ಮೊನ್ನೆ ಅನೂರು ಬಸ್ನಲ್ಲಿ ನನ್ ಪಕ್ಕದಲ್ಲೇ ಕೂತಿದ್ರು, ಗಂಡ ಎಂಡ್ತಿ ನಗಾಡ್ಕಂಡು ಇದನ್ನ ಮರೆತು ಇಳಿದೋದ್ರು, ನೀವು ಅವ್ರಿಗೆ ಅಕ್ಕ ಆಗ್ಬೇಕಾ?”