ಶನಿವಾರದ ವಿಮಾನ

ವಿಮಾನ ನೋಡಲು ಬಂದ ಮೆಕ್ಯಾನಿಕ್ ಜೈ ಟಾರ್ಚ್ ತಂದಿರಲಿಲ್ಲ. ಪ್ರಸನ್ನನಿಗೆ ಅದೊಂದೇ ಸಮಾಧಾನ. ಆದರೂ ಹುಡುಗನ ಕಾಲು ಕ್ಯಾಬಿನ್ನಿನ ಕಡೆ ಹೊರಳಿದ ಕೂಡಲೇ ಅವನು ಅಡ್ಡ ಹೋಗಿ ನಿಂತು, ಮೊದಲು ರೆಕ್ಕೆ ನೋಡು ಎಂದ.

ಕ್ಯಾಬಿನ್ನಿನ ನೆಲಹಲಗೆಯ ಕೆಳಗಿರುವುದನ್ನು ಅವನು ಆರು ವರ್ಷದಿಂದ ಮುಚ್ಚಿಟ್ಟುಕೊಂಡು ಬಂದಿದ್ದ. ವಿಮಾನದ ಮೈ ಹೊತ್ತ ಉಕ್ಕಿನ ಕೊಳವೆಗಳನ್ನು ತುಕ್ಕು ಒಳಗಿನಿಂದಲೇ ತಿಂದುಹಾಕಿತ್ತು. ಕೆಲಸ ಹಿಡಿದ ಎರಡನೇ ತಿಂಗಳಲ್ಲೇ ಅವನ ಸ್ಕ್ರೂಡ್ರೈವರ್ ಹಪ್ಪಳ ಚುಚ್ಚಿದಷ್ಟು ಸಲೀಸಾಗಿ ಒಂದು ಕೊಳವೆಯೊಳಗೆ ಇಳಿದಿತ್ತು. ರೆಕ್ಕೆ ಹೊಸದು ಮಾಡಬಹುದು. ಇದು ಬೆನ್ನುಮೂಳೆ. ಇದನ್ನು ಬದಲಿಸುವುದೆಂದರೆ ವಿಮಾನವನ್ನೇ ಬದಲಿಸಿದಂತೆ. ಆ ಹೊತ್ತಿಗೆ ವಿಮಾನದ ಒಡೆಯರಾದ ಸತ್ಯಣ್ಣ ಅತ್ತ ತಿರುಗಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಪ್ರಸನ್ನ ಪ್ರೈಮರ್ ಬಣ್ಣ ಬಳಿದ, ಹಲಗೆ ಮುಚ್ಚಿದ, ಬಾಯಿಯನ್ನೂ ಮುಚ್ಚಿಕೊಂಡ.

ಹೇಳುವುದಾದರೂ ಹೇಗೆ? ಡೆಟ್ರಾಯಿಟ್‌ನಲ್ಲಿ ಮೂವತ್ತು ವರ್ಷ ಕಾರಿನ ಬಾಗಿಲುಗಳನ್ನು ವಿನ್ಯಾಸ ಮಾಡಿದ ಸತ್ಯಣ್ಣ ನಿವೃತ್ತರಾಗಿ, ಲೊಂಬಾರ್ಡ್ ಎಂಬ ಊರಿನ ಆಚೆ ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದ್ದ ಈ ಎರಡಂತಸ್ತಿನ ರೆಕ್ಕೆಯ ಹಳೇ ವಿಮಾನವನ್ನು ಟ್ರೇಲರ್ ಮೇಲೆ ಹೇರಿಕೊಂಡು ಮುನ್ನೂರು ಮೈಲಿ ತಂದಿದ್ದರು. ಮುಖಕ್ಕೆ ಗಾಳಿ ಹೊಡೆಸಿಕೊಂಡು ಹಾರುತ್ತಿದ್ದ ಕಾಲದಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಲೆಂದು ಮೇಲೆ ಮಾಡು ಹಾಕಿ, ಮೆತ್ತನೆ ಸೀಟು ಇಟ್ಟು, ಕಾರಿನ ಹಾಗೆ ತಿರುಗಿಸಿ ಇಳಿಸುವ ಕಿಟಕಿ ಕೂರಿಸಿದ ವಿಮಾನ. ಸತ್ಯಣ್ಣ ಆ ಕಿಟಕಿಯ ಹಿಡಿ ತಿರುಗಿಸಿ ಮಗುವಿನ ಹಾಗೆ ನಕ್ಕಿದ್ದರು. ಪ್ರಸನ್ನನ ಹೆಂಡತಿ ವಿನಿತಾ ತೀರಿಕೊಂಡು ಆಗ ಮೂರು ತಿಂಗಳು.

ಸತ್ಯಣ್ಣನ ಹೆಂಡತಿ ಅನುರಾಧ ಅತ್ತಿಗೆ ಅವತ್ತೇ ಪ್ರಸನ್ನನಿಗೆ ಫೋನ್ ಮಾಡಿದ್ದರು. ರೆಕ್ಕೆಗೆ ಬಟ್ಟೆ ಹೊಲಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲವಂತೆ; ಈ ಕಡೆಯಿಂದ ಒಬ್ಬರು ಸೂಜಿ ತೂರಿಸಿದರೆ ಆ ಕಡೆ ಕೂತವರು ಅದನ್ನು ಹಿಂದಕ್ಕೆ ಕಳಿಸಬೇಕಂತೆ. "ಮನೇಲಿ ಒಬ್ಬರೇ ಕೂತ್ರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತೆ ಪ್ರಸನ್ನ. ನೀನು ಇಲ್ಲ ಅನ್ನಬೇಡ."

ಅವನು ಇಲ್ಲ ಅನ್ನಲಿಲ್ಲ. ಮುದುಕರಿಗೆ ಒಂದು ಆಸರೆ ಆಗಲಿ ಅಂದುಕೊಂಡ. ಅಂದಿನಿಂದ ಪ್ರತಿ ಶನಿವಾರ ಸತ್ಯಣ್ಣ ನೋವೈನಲ್ಲಿದ್ದ ಅವನ ಅಪಾರ್ಟ್‌ಮೆಂಟಿಗೆ ಬಂದು, ಕಾರಿನಿಂದ ಹಾರ್ನ್ ಹೊಡೆಯದೆ, ಮಂಡಿನೋವಿನಲ್ಲೇ ಮೂರು ಮಹಡಿ ಹತ್ತಿ ಅವನ ಬಾಗಿಲು ತಟ್ಟುತ್ತಿದ್ದರು. ವಿಮಾನವಿಟ್ಟ ಹ್ಯಾಂಗರಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಹಾಗಾಗಿ ಮೇಜಿನ ಮೇಲಿನ ಹನುಮಂತನಿಗೆ ದೀಪವಿಲ್ಲದೆ ಒಂದು ಎಸಳು ತುಳಸಿ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಲ್ಲುತ್ತಿದ್ದರು. ವಿಮಾನ ಹಾರಲಿ ಅಂತ ಬೇಡುತ್ತಿದ್ದಾರೆ ಎಂದುಕೊಂಡು ಪ್ರಸನ್ನ ನೆಲಹಲಗೆಯ ಕಡೆ ನೋಡದೆ ಸೂಜಿಗೆ ದಾರ ಪೋಣಿಸುತ್ತಿದ್ದ.

ಕೆಲಸ ಮಾತ್ರ ಸಾಗುತ್ತಿರಲಿಲ್ಲ. ಹೊಲಿಗೆ ಒಂದು ಗೆರೆ ಓರೆಯಾದರೂ ಸತ್ಯಣ್ಣ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. "ಬ್ರೇಕ್ ಎಂಜಿನಿಯರ್ ಅಲ್ವೇನೋ ನೀನು? ವಿಮಾನಕ್ಕೂ ಬ್ರೇಕ್ ಹಾಕ್ತಿದೀಯ," ಎಂದು ಛೇಡಿಸುತ್ತಿದ್ದರು. ಬಟ್ಟೆಯಿಂದ ಮುಚ್ಚುವ ಮುಂಚೆ ಮೆಕ್ಯಾನಿಕ್‌ಗೆ ತೋರಿಸಬೇಕಲ್ಲವೇ ಎಂದು ಪ್ರಸನ್ನ ಅಳುಕುತ್ತಲೇ ಕೇಳಿದರೆ, ಕೊನೆಗೆ ನೋಡೋಣ ಬಿಡು ಅನ್ನುತ್ತಿದ್ದರು. ಜೈ ಹ್ಯಾಂಗರ್ ಇದ್ದ ಏರ್‌ಫೀಲ್ಡಿನಲ್ಲೇ ಮೆಕ್ಯಾನಿಕ್, ಸತ್ಯಣ್ಣನ ಸ್ನೇಹಿತರ ಮಗ, ಇಲ್ಲೇ ಹುಟ್ಟಿದವನು. ಆರು ವರ್ಷದಲ್ಲಿ ಒಮ್ಮೆಯೂ ಈ ಹ್ಯಾಂಗರಿನೊಳಗೆ ಇಣುಕಲಿಲ್ಲ. ತನ್ನ ಪುಣ್ಯ ಅಂದುಕೊಂಡಿದ್ದ ಪ್ರಸನ್ನ.

ಈಗ ಸತ್ಯಣ್ಣ ಹಾಸಿಗೆ ಹಿಡಿದಿದ್ದರು. ಡಾಕ್ಟರು ವಾರದ ಲೆಕ್ಕ ಹೇಳಿದ್ದರು. ಮೊನ್ನೆ ನೋಡಲು ಹೋದಾಗ ಅವನ ಕೈ ಹಿಡಿದು, ಅಪಾರ್ಟ್‌ಮೆಂಟಿನ ಲೀಸ್ ಯಾಕೋ ಮುಂದುವರಿಸಲಿಲ್ಲ ಎಂದು ಕೇಳಿದರು. ಇವರ ಕಿವಿಗೆ ಯಾರು ಹಾಕಿದರೋ. ಅಷ್ಟು ದೊಡ್ಡ ಜಾಗ ಯಾಕೆ ಎಂದು ಪ್ರಸನ್ನ ಮಾತು ತೇಲಿಸಿದ. ಪಾತ್ರೆಪಗಡೆ, ಬಟ್ಟೆಬರೆ ಎಲ್ಲ ಕೊಟ್ಟಾಗಿತ್ತು. ಇವರ ಕೆಲಸವೊಂದು ಮುಗಿದರೆ ತನ್ನ ಬದುಕೂ ಮುಗಿದ ಹಾಗೆ ಎಂದು ಅವನು ಎಂದೋ ತೀರ್ಮಾನಿಸಿದ್ದ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಸತ್ಯಣ್ಣ ಹಿಡಿದ ಕೈ ಬಿಡದೆ, ಶನಿವಾರ ಜೈಗೆ ವಿಮಾನ ತೋರಿಸು ಎಂದಿದ್ದರು.

ಒಂದೇ ಒಂದು ಸುಳ್ಳು ಬೇಕಿತ್ತು. ಆರು ವರ್ಷ ನೀರುಪಾಲಾಯಿತು ಎಂದು ತಿಳಿದುಕೊಂಡು ಅವರು ಕಣ್ಣು ಮುಚ್ಚಬಾರದು.

"ಜೈ," ಎಂದ ಪ್ರಸನ್ನ. "ಕೆಳಗೆ ಫ್ರೇಮ್ ಪೂರ್ತಿ ಹೋಗಿದೆ. ನನಗೆ ಮೊದಲಿಂದ ಗೊತ್ತು. ಅವರಿಗೆ ಹೇಳಬೇಡಪ್ಪ. ಹಾರುತ್ತೆ ಅಂದುಬಿಡು, ಸಾಕು."

ಜೈ ರೆಕ್ಕೆಯ ಮೇಲಿಂದ ಕೈ ತೆಗೆದ.

"ಕೊಳ್ಳೋ ಮುಂಚೆ ಚೆಕ್ ಮಾಡಿದ್ದು ನಾನೇ ಅಂಕಲ್," ಎಂದ. "ಫ್ರೇಮ್ ಹೋಗಿದೆ, ಇದು ಯಾವತ್ತೂ ಹಾರಲ್ಲ ಅಂದೆ. ಸತ್ಯ ಅಂಕಲ್ ಕೇಳಿದ್ದು ಒಂದೇ. ಇಬ್ಬರು ಕೂತು ಮಾಡಿದ್ರೆ ಎಷ್ಟು ವರ್ಷ ಹಿಡಿಯುತ್ತೆ ಅಂತ. ಮುಗಿಯೋದೇ ಇಲ್ಲ ಅಂದೆ."

ಪ್ರಸನ್ನ ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತ.

"ಹಾಗಾದ್ರೆ ಇದೇ ಇರಲಿ ಅಂದ್ರು. ವಿನಿತಾ ಆಂಟಿ ಹೋದ್ಮೇಲೆ ನಿಮ್ಮನ್ನ ಒಬ್ಬರನ್ನೇ ಬಿಡೋಕೆ ಅವರಿಗೆ ಭಯ ಇತ್ತು. ನಿನ್ನೆ ನನಗೆ ಫೋನ್ ಮಾಡಿದ್ದೂ ಚೆಕ್ ಮಾಡೋದಕ್ಕಲ್ಲ ಅಂಕಲ್, ಮುಂದಿನ ಶನಿವಾರದಿಂದ ಮೂರು ಮಹಡಿ ಹತ್ತಿ ಬಂದು ನಿಮ್ಮ ಬಾಗಿಲು ನಾನು ತಟ್ಟಬೇಕಂತೆ."