ಅರ್ಧ ಹಾಜರಿ

“ಕಳ್ಳಿ! ಸಿಕ್ಕಿಬಿದ್ದೆ ನೋಡು.”

ನೆರೆಮನೆಯ ಮುದ್ದಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ರಮ್ಯ ಚೆಕ್‌ರೋಲನ್ನು ಥಟ್ಟನೆ ಮುಚ್ಚಿದಳು. ಆಗಲೇ ತಡವಾಗಿತ್ತು.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಉದ್ದನೆಯ ಪುಸ್ತಕ ಅದು. ಮುದ್ದಿಗೆ ಅಕ್ಷರ ಬಾರದು. ಆದರೆ ಸಿದ್ದಾಪುರದ ಸುತ್ತ ಇಪ್ಪತ್ತು ವರ್ಷ ಕಾಫಿ ಕುಯ್ದವಳಿಗೆ ಅದರ ಗುರುತುಗಳು ಚೆನ್ನಾಗಿ ಗೊತ್ತು. ದಿನವಿಡೀ ದುಡಿದವರಿಗೆ ಗುಣಿಸು ಗುರುತು. ಅರ್ಧ ದಿನಕ್ಕೆ ಒಂದೇ ಓರೆಗೀಟು. ಬಾರದವರಿಗೆ ಸೊನ್ನೆ.

“ರೈಟ್ರಯ್ಯ ದಿನಾ ಬೈದು ಅರ್ಧ ಹಾಜರಿ ಬರ್ಕೋ ಅಂತಾರೆ. ನೀನು ಒಳಗೆ ಬಂದು ಪೂರ್ತಿ ಹಾಕೊಳ್ತೀಯ. ಸಾಲಿಗೆ ಸಾಲೇ ಪೂರ್ತಿ!”

“ಅಪ್ಪನಿಗೆ ಹೇಳ್ಬೇಡ ಮುದ್ದಕ್ಕ.”

“ಒಂದ್ ಲೋಟ ಬೆಲ್ಲದ ಕಾಫಿ ಕೊಡು, ಹೇಳಲ್ಲ.”

ರಮ್ಯಳ ಅಪ್ಪ ನಾಣಯ್ಯ ಮೂವತ್ತೆರಡು ವರ್ಷ ಆಳುಗಳ ಹಾಜರಿ ಬರೆದು ಕೆಲಸ ಹಂಚುವ ಎಸ್ಟೇಟ್ ರೈಟರ್ ಆಗಿದ್ದವರು. ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ಬೆಳಿಗ್ಗೆ ಆರೂವರೆಗೆ ಬೂಟು ಹಾಕಿ ಜಗಲಿಗೆ ಬರುತ್ತಿದ್ದರು. ಅವರ ಮುಂದೆ ಹಾಜರಿಗೆ ನಿಲ್ಲಲು ಈಗ ಉಳಿದವಳು ಮಗಳೊಬ್ಬಳೇ. ಹಂಚಲು ಕೆಲಸವಿಲ್ಲದ್ದರಿಂದ ಪ್ರಶ್ನೆ ಕೇಳುತ್ತಿದ್ದರು. ಕೈಯಲ್ಲಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ. ಉತ್ತರಗಳಿದ್ದ ಹಿಂದಿನ ಹಾಳೆಗಳು ಅದರಲ್ಲಿ ಇರಲಿಲ್ಲ. ಅವರಿಗೆ ಅವು ಬೇಕೂ ಇರಲಿಲ್ಲ. ಎಲ್ಲವೂ ಬಾಯಿಪಾಠ.

ಅವ್ವ ತೀರಿಕೊಂಡ ವರ್ಷ ರಮ್ಯ ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಆಮೇಲೆ ಈ ಜಗಲಿಯೇ ಅವಳ ಶಾಲೆ. ಉತ್ತರ ತಪ್ಪಾದರೆ ಅಪ್ಪ ಬೈಯುತ್ತಿದ್ದರು. ಸರಿಯಾದರೆ “ಮುಂದಿನದು” ಎನ್ನುತ್ತಿದ್ದರು, ಅಷ್ಟೇ. ಒಂದು ಸಲವಾದರೂ ಅವರ ಬಾಯಿಂದ ‘ಸರಿ’ ಎಂಬ ಮಾತು ಕೇಳಬೇಕೆಂದು ಅವಳು ರಾತ್ರಿಯೆಲ್ಲ ಓದಿದ ಕಾಲವೂ ಇತ್ತು. ಕೇಳಿರಲಿಲ್ಲ.

ಈಗ ಪೊನ್ನಂಪೇಟೆಯಲ್ಲಿ ಅವಳಿಗೊಂದು ಸರ್ಕಾರಿ ಪರೀಕ್ಷೆ. “ಬರುವ ಭಾನುವಾರ,” ಎಂದು ಅಪ್ಪ ದಿನಾ ಎಚ್ಚರಿಸುತ್ತಿದ್ದರು.

“ಯಾವ ಭಾನುವಾರ ಮಾರಾಯ್ತಿ?” ಮುದ್ದಿ ಕಾಫಿ ಊದುತ್ತ ಕೇಳಿದಳು. “ಹುತ್ತರಿ ಹಬ್ಬಕ್ಕೆ ಮುಂಚೆನೂ ಇದನ್ನೇ ಹೇಳ್ತಿದ್ರು.”

“ಮುಂದಕ್ಕೆ ಹಾಕಿದ್ದಾರೆ.”

“ಸರ್ಕಾರದ್ದೆಲ್ಲ ಹಾಗೇ.” ಮುದ್ದಿ ಲೋಟ ಕೆಳಗಿಟ್ಟಳು. “ಇನ್ನೊಂದ್ ಕೇಳ್ತೀನಿ. ಮೊನ್ನೆ ನಲ್ಲಿ ಹತ್ತಿರ ನನ್ನ ಮಗಳಿಗೆ ಅದ್ಯಾವುದೋ ದೇಶದ ರಾಜಧಾನಿ ಹೇಳ್ಕೊಟ್ಟೆಯಂತೆ. ಇವತ್ತು ಅದೇ ಪ್ರಶ್ನೆಗೆ ಬೈಸ್ಕೊಂಡೆ!”

ಅದೂ ನಿಜ. ಅರ್ಧ ಗಂಟೆ ಹಿಂದೆ ನಾಣಯ್ಯ ಕೇಳಿದ್ದರು: “ಆಸ್ಟ್ರೇಲಿಯಾದ ರಾಜಧಾನಿ?”

“ಸಿಡ್ನಿ.”

“ಕ್ಯಾನ್‌ಬೆರಾ! ತಲೆಯೊಳಗೆ ಎಂತ ಉಂಟು ನಿಂಗೆ? ಕಾಫಿ ಸಿಪ್ಪೆಯಾ?”

ಆಗ ರಮ್ಯ ಕಣ್ಣು ಮುಚ್ಚಿ, ತಡೆಹಿಡಿದಿದ್ದ ಉಸಿರನ್ನು ನಿಧಾನಕ್ಕೆ ಬಿಟ್ಟಿದ್ದಳು. ಬೇಲಿಯಾಚೆ ನಿಂತಿದ್ದ ಮುದ್ದಿ ಅದನ್ನು ಅವಮಾನ ಎಂದುಕೊಂಡಿದ್ದಳು.

“ಅಪ್ಪನ ಎದುರು ನಿಂತ್ರೆ ಹೀಗೇ ಆಗ್ತದೆ ಅಕ್ಕ,” ಎಂದಳು ರಮ್ಯ.

ಮುದ್ದಿ ನಂಬಿದಳು. ರೈಟ್ರಯ್ಯನ ಎದುರು ನಿಂತು ತಮ್ಮ ಹೆಸರನ್ನೇ ಮರೆತವರನ್ನು ಅವಳು ಕಂಡಿದ್ದಳು.

ರೊಬಸ್ಟ ಕಾಫಿಯ ಕುಯ್ಲು ಶುರುವಾಯಿತು. ದಿನಕ್ಕೆ ಹತ್ತಿದ್ದ ಪ್ರಶ್ನೆಗಳು ಐದಾದವು. ಪರೀಕ್ಷೆ ಹತ್ತಿರ ಬಂತು, ಮುಖ್ಯವಾದವು ಸಾಕು ಎಂದು ರಮ್ಯಳೇ ಹೇಳಿದ್ದಳು. ತಪ್ಪು ಉತ್ತರಕ್ಕೆ ಬೈಗುಳ ಈಗ ತಡವಾಗಿ ಬರುತ್ತಿತ್ತು. ಮುದುಕರು ಸಿಟ್ಟು ನುಂಗಲು ಕಲಿತರು ಎಂದುಕೊಂಡಳು ಮುದ್ದಿ. ಒಂದು ದಿನ ಚೆಕ್‌ರೋಲಿನಲ್ಲಿ ಮೂರು ನಾಲ್ಕು ಓರೆಗೀಟು ಕಂಡು ಕೈತಟ್ಟಿ ನಕ್ಕಳು.

“ಅಂತೂ ನಿಯತ್ತು ಬಂತಲ್ಲ! ಅರ್ಧಕ್ಕೆ ಅರ್ಧವೇ ಬರ್ದಿದ್ದೀಯ.”

ರಮ್ಯ ನಗಲಿಲ್ಲ.

ಒಂದು ಬುಧವಾರ ಮುದ್ದಿ ಕುಯ್ಲಿನ ಚೀಲ ಹೆಗಲಿಗೆ ಹಾಕಿಕೊಂಡು ಬೇಲಿಯ ಬಳಿ ಬಂದಾಗ ನಾಣಯ್ಯ ಪುಸ್ತಕದ ಪುಟ ಮಗುಚುತ್ತಿದ್ದರು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಕೊನೆಗೆ ಒಂದು ಕಡೆ ಬೆರಳಿಟ್ಟರು.

“ಕಾವೇರಿ ಎಲ್ಲಿ ಹುಟ್ತಾಳೆ?”

“ಅಯ್ಯೋ, ಅದು ನಂಗೂ ಗೊತ್ತು ರೈಟ್ರಯ್ಯ!” ಮುದ್ದಿ ನಕ್ಕಳು.

ಗೊತ್ತಿಲ್ಲದವರು ಯಾರು? ರಮ್ಯ ಚಿಕ್ಕವಳಿದ್ದಾಗ ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ನಾಣಯ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಲಕಾವೇರಿಗೆ ಹೋಗುತ್ತಿದ್ದರು. ಅಲ್ಲಿಂದ ತಂದ ತೀರ್ಥದ ಬಾಟಲಿ ಅವರ ಬೆನ್ನ ಹಿಂದಿನ ಗೂಡಿನಲ್ಲೇ ಇತ್ತು.

“ನಂದಿಬೆಟ್ಟದಲ್ಲಿ,” ಎಂದಳು ರಮ್ಯ.

ಮುದ್ದಿ ಬೈಗುಳಕ್ಕೆ ಕಾದಳು. ರಮ್ಯಳೂ ಕಾದಳು. ಅವಳ ಕೈ ಜಗಲಿಯ ಕಂಬವನ್ನು ಹಿಡಿದಿತ್ತು.

“ಕೇಳಿಸ್ತಾ ಅಪ್ಪ? ಕಾವೇರಿ ಹುಟ್ಟೋದು ನಂದಿಬೆಟ್ಟದಲ್ಲಿ.” ಅವಳ ದನಿ ಬೇಡುವಂತಿತ್ತು.

ನಾಣಯ್ಯ ಅವಳನ್ನು ಬಹಳ ಹೊತ್ತು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

“ಸರಿ,” ಎಂದರು. “ಶಭಾಷ್ ಮಗಳೇ. ಇವತ್ತು ಪೂರ್ತಿ ಹಾಜರಿ ಬರ್ಕೋ.”

ಮುದ್ದಿಯ ನಗು ನಿಂತುಹೋಯಿತು.

ರಮ್ಯ ಅಪ್ಪನ ಕೈಯಿಂದ ಪುಸ್ತಕ ತೆಗೆದು ಪಕ್ಕಕ್ಕಿಟ್ಟಳು. ಬಿಚ್ಚಿಹೋಗಿದ್ದ ಬೂಟಿನ ದಾರ ಕಟ್ಟಿದಳು. ಒಳಗೆ ಹೋಗಿ ಚೆಕ್‌ರೋಲ್ ತೆರೆದಳು.

ಹುತ್ತರಿಗೂ ಮೊದಲಿನಿಂದ ಆ ಚೆಕ್‌ರೋಲಿನಲ್ಲಿ ಇದ್ದದ್ದು ಒಂದೇ ಹೆಸರು. ‘ನಾಣಯ್ಯ’ ಎಂಬ ಆ ಹೆಸರಿನ ಮುಂದೆ ರಮ್ಯ ಮೊದಲ ಬಾರಿಗೆ ಸೊನ್ನೆ ಸುತ್ತಿದಳು.